ರಚ್ಚೆ ಹಿಡಿದ ಮಗುವಿಗೆ ಬುದ್ಧಿ ಹೇಳಬೇಡಿ

ಹಠ ಬೇರೆ, ರಚ್ಚೆ ಬೇರೆ. ನಮ್ಮ ಮಾತಿನಲ್ಲೇ ಎರಡಕ್ಕೂ ಎರಡು ಹೆಸರಿದೆ. ಆದರೂ ಮಗು ಬಾಯಿ ತೆಗೆದ ತಕ್ಷಣ ಎರಡನ್ನೂ ಒಂದೇ ಮಾಡಿಬಿಡುತ್ತೇವೆ. ಹಠ ಮಾಡುವ ಮಗು ಅಳುತ್ತಲೇ ಓರೆಗಣ್ಣಲ್ಲಿ ನಿಮ್ಮ ಮುಖ ನೋಡುತ್ತಿರುತ್ತದೆ. ಕೇಳಿದ್ದು ಕೈಗೆ ಬಂದರೆ ಅಳು ನಲ್ಲಿ ತಿರುಗಿಸಿದ ಹಾಗೆ ನಿಲ್ಲುತ್ತದೆ. ರಚ್ಚೆ ಹಿಡಿದ ಮಗುವಿಗೆ ಅದೇ ವಸ್ತು ಕೊಟ್ಟು ನೋಡಿ, ಬಿಸಾಡುತ್ತದೆ. ಎತ್ತಿಕೊಂಡರೆ ಇಳಿಸು, ಇಳಿಸಿದರೆ ಎತ್ತಿಕೋ. ಏನು ಬೇಕು ಅಂತ ಅದಕ್ಕೇ ಗೊತ್ತಿರುವುದಿಲ್ಲ. ಗದ್ದಲ, ಬೆಳಕು, ಹಸಿವು, ನಿದ್ದೆ, ಹೊಸ ಮುಖಗಳು ಎಲ್ಲಾ ಒಟ್ಟಿಗೆ ಮೈಮೇಲೆ ಬಿದ್ದು ಮಗು ಕಂಗಾಲಾಗಿರುತ್ತದೆ, ಅಷ್ಟೇ.

ನನ್ನ ಮಕ್ಕಳು ಚಿಕ್ಕವರಿದ್ದಾಗ ನನಗೆ ಇದು ಗೊತ್ತಿರಲಿಲ್ಲ. ದೊಡ್ಡ ಮಗಳಿಗೆ ಆಗ ಎರಡೂವರೆ ವರ್ಷ. ಕಾಲುಚೀಲ ಹಾಕುವ ಹೊತ್ತಿಗೆ ದಿನಾ ರಂಪ. ನಾನು ಗದರಿದೆ, ಎಳೆದು ಹಾಕಿದೆ, ಒಂದು ದಿನ ಬೆನ್ನಿಗೆ ಒಂದು ಏಟೂ ಕೊಟ್ಟೆ. ಅಳು ನಿಂತಿತು, ನಿಜ. ಆದರೆ ಅವತ್ತಿಡೀ ಅವಳು ನನ್ನ ಹತ್ತಿರ ಸುಳಿಯಲಿಲ್ಲ. ಕಾಲುಚೀಲದ ತುದಿಯ ಹೊಲಿಗೆ ಅವಳ ಕಿರುಬೆರಳಿಗೆ ಒತ್ತುತ್ತಿತ್ತು. ಒಳಗಿನದು ಹೊರಗೆ ಬರುವ ಹಾಗೆ ತಿರುಗಿಸಿ ಹಾಕಿದ್ದರೆ ಮುಗಿಯುತ್ತಿತ್ತು. ಅದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ನಮಗೆ ಏನೂ ಅಲ್ಲದ್ದು ಕೆಲವು ಮಕ್ಕಳ ಮೈಗೆ ಮುಳ್ಳಿನ ಹಾಗಿರುತ್ತದೆ. ಅಂಗಿಯ ಕುತ್ತಿಗೆಯ ಹಿಂದಿನ ಪಟ್ಟಿ, ಮಿಕ್ಸರ್ ಸದ್ದು, ಒದ್ದೆ ತೋಳು, ಏನು ಬೇಕಾದರೂ ಆಗಬಹುದು. ಮೊದಲು ಅದನ್ನು ಹುಡುಕಿ.

ಮಗು ಅಳುವಿನ ತುತ್ತತುದಿಯಲ್ಲಿ ಇರುವಾಗ ನೀವು ಹೇಳುವ ಬುದ್ಧಿಮಾತು ಒಂದೂ ಒಳಗೆ ಹೋಗುವುದಿಲ್ಲ. ಸಿಟ್ಟು, ಆತುರ ಹಿಡಿದಿಡುವ ಕೆಲಸ ಮಿದುಳಿನಲ್ಲಿ ಹಣೆಯ ಹಿಂದಿನ ಭಾಗದ್ದು. ಅದು ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿನ ಹೊತ್ತಿಗೆ. ಎರಡು ಮೂರು ವರ್ಷದ ಕೂಸಿಗೆ "ನಿನ್ನ ನೀನು ಹಿಡಿದುಕೋ" ಅಂದರೆ ಎಲ್ಲಿಂದ ತರಬೇಕು ಅದು? ಅದಕ್ಕೇ ನಮ್ಮ ಸಮಾಧಾನವನ್ನೇ ಸ್ವಲ್ಪ ಹೊತ್ತು ಅದಕ್ಕೆ ಸಾಲ ಕೊಡಬೇಕು. ಕೊಡಬೇಕಾದರೆ ನಮ್ಮ ಹತ್ತಿರ ಇರಬೇಕಲ್ವಾ? ನಾನು ಮೊದಲು ನನ್ನ ಹೆಗಲು ಇಳಿಸುತ್ತೇನೆ. ಒಂದು ಉಸಿರು ಎಳೆದು, ಎಳೆದದ್ದಕ್ಕಿಂತ ಜಾಸ್ತಿ ಹೊತ್ತು ಹೊರಗೆ ಬಿಡುತ್ತೇನೆ. ಹೀಗೆ ಬಿಟ್ಟರೆ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಆಮೇಲೆ ಮಗುವಿನ ಹತ್ತಿರ ಹೋಗುವುದು.

ಒಮ್ಮೆ ಮನೆ ತುಂಬ ನೆಂಟರು. ಮೂರು ವರ್ಷದ ಮೊಮ್ಮಗನನ್ನು ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡು ಕೆನ್ನೆ ಹಿಂಡುತ್ತಿದ್ದರು. ನೋಡನೋಡುತ್ತಿದ್ದ ಹಾಗೆ ಅವನು ಕೈಯಲ್ಲಿದ್ದ ಲೋಟ ಎಸೆದು, ನೆಲಕ್ಕೆ ಬಿದ್ದು ಒದ್ದಾಡತೊಡಗಿದ. "ಏನಾಯ್ತೋ, ಯಾಕೋ" ಅಂತ ಎಲ್ಲರೂ ಬಗ್ಗಿದರು. ನಾನು ಅವನನ್ನು ಎತ್ತಿ ಒಳಕೋಣೆಗೆ ಒಯ್ದೆ. ದೀಪ ಆರಿಸಿ ಬಾಗಿಲು ಸ್ವಲ್ಪ ಸರಿಸಿದೆ. ನೆಲದ ಮೇಲೆ ಕೂತೆ, ಅವನಿಂದ ಒಂದು ಮೊಳ ದೂರ. "ಅಜ್ಜಿ ಇಲ್ಲೇ ಇದ್ದೀನಿ" ಅಂತ ಒಂದೇ ಮಾತು, ಮೆಲ್ಲಗೆ. ಮುಟ್ಟಲು ಹೋದರೆ ತಳ್ಳಿದ, ಸರಿ ಅಂತ ಬಿಟ್ಟೆ. ಕೆಲವು ಮಕ್ಕಳಿಗೆ ಬಿಗಿಯಾದ ತೆಕ್ಕೆ ಬೇಕು, ಕೆಲವಕ್ಕೆ ಆ ಹೊತ್ತಿನಲ್ಲಿ ಬೆರಳು ತಾಗಿದರೂ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಬಿಕ್ಕುತ್ತಾ ತಾನೇ ತೆವಳಿ ಬಂದು ನನ್ನ ತೊಡೆಗೆ ತಲೆ ಇಟ್ಟ. ಬೆನ್ನ ಮೇಲೆ ಅಂಗೈ ಒತ್ತಿ ಸುಮ್ನೆ ಕೂತೆ. ಆಗಲೂ ಯಾಕೆ ಎಸೆದೆ ಅಂತ ಕೇಳಲಿಲ್ಲ. ಒಂದೆರಡು ಗುಟುಕು ನೀರು ಕುಡಿದ ಮೇಲೆ, "ಜನ ಜಾಸ್ತಿ ಆಯ್ತು, ಹೆದರಿಕೆ ಆಯ್ತಾ?" ಅಂದೆ. ತಲೆ ಆಡಿಸಿದ. ಹೀಗೆ ಒಳಗಾದದ್ದಕ್ಕೆ ಒಂದು ಹೆಸರು ಕೊಡುತ್ತಾ ಬಂದರೆ, ಮುಂದೆ ಎಸೆಯುವ ಬದಲು ಬಾಯಲ್ಲಿ ಹೇಳುವುದನ್ನು ಮಗು ಕಲಿಯುತ್ತದೆ. ಒಂದು ದಿನಕ್ಕೆ ಆಗುವ ಕೆಲಸವಲ್ಲ. ಲೋಟ ಎತ್ತಿಡುವುದು, ನೆಲ ಒರೆಸುವುದು ಆಮೇಲೆ, ಇಬ್ಬರೂ ಸೇರಿ.

ಉಸಿರಾಟ ಕಲಿಸಬೇಕು ಅಂತಿದ್ದರೆ ಮಗು ನಗುನಗುತ್ತಾ ಇರುವಾಗ ಕಲಿಸಿ. ಸೋಪಿನ ಗುಳ್ಳೆ ಊದುವುದಕ್ಕಿಂತ ಒಳ್ಳೆಯ ಪಾಠ ಇಲ್ಲ. ಜೋರಾಗಿ ಊದಿದರೆ ಒಡೆಯುತ್ತದೆ, ಮೆಲ್ಲಗೆ ಉದ್ದಕ್ಕೆ ಊದಿದರೆ ದೊಡ್ಡದಾಗುತ್ತದೆ. ಮಲಗಿಸಿ ಹೊಟ್ಟೆಯ ಮೇಲೆ ಒಂದು ಗೊಂಬೆ ಇಟ್ಟು, ಅದು ಏರಿಳಿಯುವುದನ್ನು ನೋಡಲು ಹೇಳಿದರೂ ಆಯಿತು. ಬಲೂನು ಮಾತ್ರ ಬೇಡ. ಒಡೆದ ಚೂರು ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ.

ಮೊಬೈಲ್ ಕೊಟ್ಟರೆ ಅಳು ಬೇಗ ನಿಲ್ಲುತ್ತದೆ, ನಾನೂ ನೋಡಿದ್ದೇನೆ. ಆದರೆ ಪ್ರತಿ ಸಲ ಅದನ್ನೇ ಕೊಟ್ಟರೆ ಮಗು ಕಲಿಯುವುದು ಮೊಬೈಲ್ ಕೇಳುವುದನ್ನು ಮಾತ್ರ.

ಅರ್ಧಕ್ಕರ್ಧ ರಚ್ಚೆಗೆ ನಿದ್ದೆಯೇ ಮದ್ದು ಅನ್ನುವುದು ನನ್ನ ಲೆಕ್ಕ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮೂರರಿಂದ ಐದು ವರ್ಷದವರಿಗೆ 10ರಿಂದ 13. ಮಲಗುವ ಹೊತ್ತಿನಲ್ಲಿ ಎಲ್ಲಿಗಾದರೂ ಹೊರಡಿಸಿ, ಅಲ್ಲಿ ಅತ್ತಿತು ಅಂತ ಬೈಯುವುದು ನ್ಯಾಯವಲ್ಲ.

ಕೆಲವು ಮಕ್ಕಳು ಅಳುತ್ತಾ ಅಳುತ್ತಾ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಒಂದು ಗಳಿಗೆ ಎಚ್ಚರ ತಪ್ಪುವುದೂ ಉಂಟು. ಆರು ತಿಂಗಳಿಂದ ಆರು ವರ್ಷದ ಒಳಗೆ ಇದು ಕಾಣುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನಾಗಿ ಮರಳುತ್ತದೆ. ಅಲುಗಾಡಿಸಬೇಡಿ, ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ. ಮರಳದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ. ಮರಳಿದರೂ ಮೊದಲ ಸಲ ಆದಾಗ ಡಾಕ್ಟರಿಗೆ ತೋರಿಸಲೇಬೇಕು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದೆಯಾ ಅಂತಲೂ ನೋಡುತ್ತಾರೆ. ಮಗು ಮತ್ತೆ ಮತ್ತೆ ತಲೆ ಚಚ್ಚಿಕೊಂಡು ಗಾಯ ಮಾಡಿಕೊಂಡರೆ, ಐದು ವರ್ಷ ದಾಟಿದರೂ ದಿನಾ ರಂಪ ನಿಲ್ಲದಿದ್ದರೆ ಆಗಲೂ ತೋರಿಸಿ.

ಇಷ್ಟೆಲ್ಲಾ ಬರೆದ ನಾನೇ ಮೊನ್ನೆ ಸೊಂಟನೋವಿನಲ್ಲಿ ಇರುವಾಗ ಮೊಮ್ಮಗನ ಮೇಲೆ ಕೂಗಾಡಿಬಿಟ್ಟೆ. ಆಟದ ಕಾರಿನ ಚಕ್ರ ಕಳಚಿ ಬಂದಿತ್ತು, ಅದಕ್ಕೆ ಅವನ ಗೋಳು. ಕೋಪ ಇಳಿದ ಮೇಲೆ ಹೋಗಿ, "ಅಜ್ಜಿ ಜೋರಾಗಿ ಕೂಗಿದೆ, ತಪ್ಪಾಯ್ತು ಪುಟ್ಟ" ಅಂದೆ. ಅವನು ಏನೂ ಹೇಳಲಿಲ್ಲ. ಕಾರನ್ನು ನನ್ನ ಕೈಗಿಟ್ಟು, ಮಂಚದ ಕೆಳಗೆ ನುಗ್ಗಿ ಚಕ್ರ ಹುಡುಕಿಕೊಂಡು ಬಂದ.