ತೀರ್ಥಹಳ್ಳಿ ತೋಟದಿಂದ ಹ್ಯಾಮ್ ಕಾಂಟೆಸ್ಟ್ ಆಡೋದು ಹೇಗೆ
ಹ್ಯಾಮ್ ಕಾಂಟೆಸ್ಟ್ ಅಂದ್ರೆ ಹವ್ಯಾಸಿ ರೇಡಿಯೋದವ್ರು ಕೊಟ್ಟ ಟೈಮಲ್ಲಿ ಆದಷ್ಟು ಜನರನ್ನ ರೇಡಿಯೋದಲ್ಲಿ ಸಂಪರ್ಕ ಮಾಡೋ ಸ್ಪರ್ಧೆ. ಮೊದ್ಲು ಕಾಂಟೆಸ್ಟಿನ ರೂಲ್ಸ್ ಪೂರ್ತಿ ಓದ್ಕೊಳ್ಳಿ, ಯಾವ ಬ್ಯಾಂಡು (ರೇಡಿಯೋ ತರಂಗಗಳ ಪಟ್ಟಿ), ಒಬ್ರಿಗೊಬ್ರು ಏನು ಹೇಳ್ಕೋಬೇಕು, ಅಂದ್ರೆ ಏನು ಎಕ್ಸ್‌ಚೇಂಜ್ ಅಂತ, ಆಮೇಲೆ ಟೈಮು, ಯುಟಿಸಿಲಿ (ಅಂತರರಾಷ್ಟ್ರೀಯ ಟೈಮು) ಕೊಟ್ಟಿದ್ರೆ ಅದಕ್ಕೆ 5:30 ಗಂಟೆ ಕೂಡಿಸಿದ್ರೆ ನಮ್ಮ ಟೈಮು ಬರುತ್ತೆ. ಲೈಸೆನ್ಸ್ ಅಂತೂ ಇರ್ಲೇಬೇಕು.

ಆಂಟೆನಾನೇ ಮುಖ್ಯ ಮಾರಾಯ್ರೆ. ಸುತ್ತ ಗುಡ್ಡ ಇದೆ ಅಂತ ಬೇಜಾರಾಗ್ಬೇಡಿ, 40 ಮೀಟರ್ ಬ್ಯಾಂಡಲ್ಲಿ ನಡುವಿಂದ ಎರಡೂ ಕಡೆ ತಂತಿ ಚಾಚಿದ ಆಂಟೆನಾ, ಅಂದ್ರೆ ಡೈಪೋಲ್‌ನ ಆರೇಳು ಮೀಟರ್ ಎತ್ತರಕ್ಕೆ ಕಟ್ಟಿದ್ರೆ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ವಾಪಸ್ ಬೀಳುತ್ತೆ, ಹಗಲಲ್ಲಿ ಬೆಂಗಳೂರು, ಕೊಚ್ಚಿ ಕಡೆಯವ್ರೆಲ್ಲ ಚೆನ್ನಾಗಿ ಸಿಗ್ತಾರೆ. ಎರಡೂ ಕಡೆ ಸುಮಾರು 10 ಮೀಟರ್ ತಂತಿ, ತುದಿಗೆ ನೈಲಾನ್ ಹಗ್ಗ ಕಟ್ಟಿ ಅಡಿಕೆ ಮರಕ್ಕೆ ಎಳೀರಿ, ಸ್ವಲ್ಪ ಸಡಿಲ ಬಿಡಿ, ಗಾಳಿಗೆ ಮರ ತೂಗುತ್ತಲ್ಲ. ಅಡಿಕೆ ಕೊನೆ ಕೊಯ್ಯೋ ಕಾರ್ಬನ್ ಫೈಬರ್ ದೋಟಿನ ಮಾತ್ರ ಕಂಬ ಮಾಡ್ಬೇಡಿ, ಅದ್ರಲ್ಲಿ ಕರೆಂಟ್ ಹರಿಯುತ್ತೆ, ಕರೆಂಟ್ ಲೈನ್ ಹತ್ರ ಅಂತೂ ಒಯ್ಲೇಬೇಡಿ.

"ಸಿಕ್ಯೂ ಕಾಂಟೆಸ್ಟ್" (ಕಾಂಟೆಸ್ಟಿಗೆ ಯಾರಾದ್ರೂ ಉತ್ತರ ಕೊಡಿ ಅನ್ನೋ ಕರೆ) ಕೇಳಿದ್ರೆ ಲೈಸೆನ್ಸಲ್ಲಿರೋ ನಿಮ್ಮ ಗುರುತಿನ ಹೆಸ್ರು, ಅಂದ್ರೆ ಕಾಲ್‌ಸೈನ್ ಒಂದೇ ಸಲ ಹೇಳಿ ಸುಮ್ನಿರಿ. ಸೀರಿಯಲ್ ನಂಬರ್ ಇರೋ ಕಾಂಟೆಸ್ಟಾದ್ರೆ "ಫೈವ್ ನೈನ್, ಝೀರೋ ಝೀರೋ ಒನ್" ಅಷ್ಟೇ (59 ಅಂದ್ರೆ ಸಿಗ್ನಲ್ ಚೆನ್ನಾಗಿದೆ, 001 ಅಂದ್ರೆ ನಿಮ್ಮ ಮೊದಲ್ನೇ ಕಾಂಟ್ಯಾಕ್ಟ್), ಅವ್ರದ್ದು ಸರಿಯಾಗಿ ಬರ್ಕೊಳ್ಳಿ, ಅನುಮಾನ ಬಂದ್ರೆ ನಾಚ್ಕೊಳ್ದೆ "ಅಗೈನ್" ಅನ್ನಿ, ಲಾಗಲ್ಲಿ (ಕಾಂಟ್ಯಾಕ್ಟ್ ಬರೆದಿಡೋ ಪಟ್ಟಿ) ತಪ್ಪಿದ್ರೆ ಪಾಯಿಂಟ್ ಕಳ್ಕೋತೀರಿ.

ಕರೆಂಟ್ ನಂಬ್ಬೇಡಿ, 12 ವೋಲ್ಟ್ ಬ್ಯಾಟರಿ ಫುಲ್ ಚಾರ್ಜ್ ಮಾಡಿಟ್ಕೊಳ್ಳಿ. ಗುಡುಗು ಕೇಳೋಕೆ ಶುರುವಾದ್ರೆ ಸ್ಕೋರ್ ಎಷ್ಟೇ ಇರ್ಲಿ, ಆಟ ನಿಲ್ಸಿ, ಆಂಟೆನಾ ಕೇಬಲ್ ಮುಟ್ಟೋಕೆ ಹೋಗ್ಬೇಡಿ, ಅದಕ್ಕೂ ಮೊದ್ಲೇ, ಮೋಡ ಕಟ್ಟುವಾಗ್ಲೇ ಅದನ್ನ ಬಿಚ್ಚಿ ಹೊರಗೆ ಹಾಕಿ. ಮುಗಿದ್ಮೇಲೆ ಕ್ಯಾಬ್ರಿಲೋ ಫೈಲ್ (ಕಾಂಟೆಸ್ಟ್ ಲಾಗ್ ಕಳಿಸೋ ನಮೂನೆ) ಕೊನೇ ದಿನದೊಳಗೆ ಕಾಂಟೆಸ್ಟ್ ನಡೆಸೋವ್ರಿಗೆ ಕಳ್ಸಿ, ಹತ್ತೇ ಕಾಂಟ್ಯಾಕ್ಟ್ ಆಗಿದ್ರೂ ಕಳ್ಸಿ.