ಬೆಲ್ಲದ ಚೀಟಿ

‘ಮಾತು ಕಲಿಸಿ ಅಂದ್ರೆ ಚೀಟಿ ಕೊಡ್ತೀರಲ್ಲ ಮೇಷ್ಟ್ರೇ, ಹಿಂಗಾದ್ರೆ ಮಾತು ಬಂದಂಗೇ!’ ಅಂತ, ಮಾತು ಬಾರದ ಮೊಮ್ಮಗನಿಗೆ ನಾನು ಚಿತ್ರದ ಕಾರ್ಡು ಕೊಡೋದು ನೋಡಿ ಅಜ್ಜಿ ನಕ್ಕಿದ್ದರು. ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸೋ ನಮ್ಮ ಸಂಪನ್ಮೂಲ ಶಿಕ್ಷಕರಲ್ಲೇ ಇಬ್ಬರು ಮೂವರು ಅದನ್ನೇ ಹೇಳಿದ್ದರು. ಈಗ ಹೇಳಲಿ ನೋಡೋಣ.

ಪಾಂಡವಪುರ ಕಡೆಯ ಹಳ್ಳಿ. ಹುಡುಗನಿಗೆ 9 ವರ್ಷ, ಆಟಿಸಂ, ಮಾತಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ತೋರಿಸಿದ್ದರು. ಆದರೆ ವಾರವಾರ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತೆ. ಹಾಗಾಗಿ ವಾರಕ್ಕೊಮ್ಮೆ ನಾನೇ ಮನೆಗೆ ಹೋಗುತ್ತಿದ್ದೆ.

ಮೊದಲ 3 ತಿಂಗಳು ದಂಡ. ಸರ್ಕಾರಿ ಶಾಲೆಯಲ್ಲಿ ಕಾರ್ಡು, ಆಟದಿಂದ ಕಲಿಸೋ ನಲಿಕಲಿಯಲ್ಲಿ ಪಳಗಿದ ಕೈ ನನ್ನದು, ಕಾರ್ಡು ಅಂದರೆ ರಾಶಿ ಹಾಕೋ ಚಟ. ಇಂಟರ್ನೆಟ್‌ನಿಂದ ಚಿತ್ರ ಇಳಿಸಿ, ಲ್ಯಾಮಿನೇಷನ್ ಮಾಡಿಸಿ, ವೆಲ್ಕ್ರೋ ಅಂಟಿಸಿ ಸುಮಾರು 40 ಕಾರ್ಡು ಮಾಡಿದೆ. ಕೈಯಿಂದ ಹೆಚ್ಚುಕಮ್ಮಿ 1,200 ರೂಪಾಯಿ. ಅವನಿಗೋ ವೆಲ್ಕ್ರೋ ಪರ್ ಪರ್ ಅಂತ ಕೀಳೋದೇ ಆಟ. ಚಿತ್ರದಲ್ಲಿದ್ದದ್ದು ಗಾಜಿನ ಲೋಟ, ಅವರ ಮನೆಯಲ್ಲಿರೋದು ಸ್ಟೀಲಿಂದು. ಪಾಪ, ಹೇಗೆ ಗೊತ್ತಾಗಬೇಕು ಅಲ್ವಾ?

ಎಲ್ಲ ಕಟ್ಟಿಟ್ಟು ಒಂದೇ ಕಾರ್ಡಿಗೆ ಬಂದೆ. ಅವನದೇ ತಟ್ಟೆಯಲ್ಲಿ ಅಚ್ಚು ಬೆಲ್ಲ ಇಟ್ಟು ಫೋನಲ್ಲಿ ಫೋಟೋ ತೆಗೆದೆ. ರಟ್ಟಿಗೆ ಅಂಟಿಸಿ ಮೇಲೆ ಸೆಲ್ಲೋಟೇಪು. ಖರ್ಚು 10 ರೂಪಾಯಿ. ಎದುರಿಗೆ ನಾನು, ಮುಷ್ಟಿಯಲ್ಲಿ ಬೆಲ್ಲ. ಹಿಂದೆ ಅವರಮ್ಮ. ಅವನು ಬೆಲ್ಲಕ್ಕೆ ಕೈ ಚಾಚಿದ ತಕ್ಷಣ ಅಮ್ಮ ಸದ್ದಿಲ್ಲದೆ ಆ ಕೈಯಲ್ಲಿ ಕಾರ್ಡು ಹಿಡಿಸಿ ನನ್ನ ಅಂಗೈಗೆ ಇಡಿಸಬೇಕು. ಇಟ್ಟ ಕೂಡಲೇ ಕಡಲೆಕಾಳಿನಷ್ಟು ಬೆಲ್ಲ. ಇದು ನನ್ನ ಕಂಡುಹಿಡಿತ ಅಲ್ಲ, ಚಿತ್ರ ಕೊಟ್ಟು ಬೇಕಾದ್ದು ಕೇಳೋದು ಕಲಿಸೋ ಈ ಪದ್ಧತಿ ಪೆಕ್ಸ್ (PECS) ಅಂತ 1985ರಿಂದಲೇ ಇದೆ. ನಾನು ಕೆಡಿಸಿಕೊಂಡಿದ್ದು ಬಾಯಿಂದ. ‘ಏನು ಬೇಕು ಪುಟ್ಟಾ?’ ಅಂತ ಪ್ರತಿಸಲ ಕೇಳುತ್ತಿದ್ದೆ. ಕೇಳಿದರೆ ಮಾತ್ರ ಕಾರ್ಡು ಕೊಡೋದು ಅಂತ ಅವನು ಕಲಿತುಬಿಟ್ಟ. ನಾನು ಬಾಯಿ ಮುಚ್ಚಿ ಕೂರೋದು ಕಲಿಯೋಕೆ 2 ವಾರ ಹಿಡಿಯಿತು!

ಅವನ ಕೈ ಹಿಡಿಸುತ್ತಿದ್ದ ಅಮ್ಮನ ಕೈ ಹಿಂದೆ ಸರಿದು ಅವನ ಮಣಿಕಟ್ಟಿಗೆ ಬಂತು, ಆಮೇಲೆ ಮೊಣಕೈಗೆ, ಆಮೇಲೆ ಬೇಕೇ ಆಗಲಿಲ್ಲ. ಆರೇಳು ವಾರ ಇರಬೇಕು. ಈಗ 11 ಕಾರ್ಡು ಬಳಸುತ್ತಾನೆ. ಬೆಲ್ಲ ಬಿಡಿಸಿ ಬೇರೆ ಕಾರ್ಡಿಗೆ ದಾಟಿಸಿದ್ದು ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

    

ಹೋದ ತಿಂಗಳು ಹಿತ್ತಲಲ್ಲಿ ಅಜ್ಜಿ ಪಾತ್ರೆ ಬೆಳಗುತ್ತಿದ್ದರಂತೆ. ಯಾರೂ ಹೇಳದೆ ಹುಡುಗ ಹೋಗಿ ಅವರ ಒದ್ದೆ ಕೈಗೆ ಬೆಲ್ಲದ ಚೀಟಿ ಇಟ್ಟ. ಅಜ್ಜಿ ಪಾತ್ರೆ ಬಿಟ್ಟು ಎದ್ದರು. ಚೀಟಿ ನೆನೆದು ಹಾಳಾಯಿತು. ಮತ್ತೆ 10 ರೂಪಾಯಿ.