ಒಂದು ಲೋಟ ಬೇಳೆಕಟ್ಟಿಗೆ ಒಂದು ಗಂಟೆ

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ನಾನು ಹೊಳೆನರಸೀಪುರದ ಕಡೆಯವಳು, ಮದುವೆಯಾಗಿ ಹಾಸನಕ್ಕೆ ಬಂದವಳು. 41 ವರ್ಷ ಹಾಗೇ ನುಂಗಿಕೊಂಡು ಬಂದಿದ್ದೆ. ತೂಕ ಇಳಿಸುವ ಆಪರೇಷನ್ ಆದ ಮೇಲೆ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಹಸಿವಲ್ಲ, ಈ ಅಭ್ಯಾಸ ಬಿಡುವುದು.

ಆಪರೇಷನ್‌ಗೆ ಮುಂಚೆ ನನ್ನ ತೂಕ 108 ಕಿಲೋ. ಶುಗರ್ ಇತ್ತು, ಮಂಡಿ ನೋವಿತ್ತು. ನವೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಅದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಬಾಳೆಕಾಯಿಯಷ್ಟು ಕೊಳವೆ ಉಳಿಸುತ್ತಾರೆ. ಕತ್ತರಿಸಿದ ಉದ್ದಕ್ಕೂ ಪಿನ್ನು ಹೊಡೆದಿರುತ್ತಾರೆ. ಆ ಗೆರೆ ಮಾಯುವ ತನಕ ಅದರ ಮೇಲೆ ಒತ್ತಡ ಬೀಳಬಾರದು. ಮೊದಲ ವಾರಗಳ ಪಥ್ಯವೆಲ್ಲ ಮುಖ್ಯವಾಗಿ ಇದಕ್ಕೇ. ಇದು ಅರ್ಥವಾದ ಮೇಲೆ ನನಗೆ ಪಥ್ಯ ಅಷ್ಟು ಭಾರ ಅನ್ನಿಸಲಿಲ್ಲ.

ಊರಿಗೆ ಬರುವಾಗ ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣದಲ್ಲಿ ಕಾರು ನಿಲ್ಲಿಸಿ ಐದೈದು ನಿಮಿಷ ನಡೆದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಹಾಗೆ ಹೇಳಿದ್ದರು.

ಮೊದಲ ಕೆಲವು ದಿನ ತಿಳಿ ನೀರಿನಂಥದ್ದು ಮಾತ್ರ. ಡಯಟೀಶಿಯನ್ ಕೊಟ್ಟ ಚೀಟಿಯಲ್ಲಿ 'ಕ್ಲಿಯರ್ ಸೂಪ್' ಅಂತ ಇತ್ತು. ಅತ್ತೆಗೆ ಓದಿ ಹೇಳಿದೆ. "ಅಯ್ಯೋ, ಅದು ಕಟ್ಟು ಕಣವ್ವಾ" ಅಂದರು. ಬಸ್ಸಾರಿಗೆ ಬೇಳೆ ಬಸಿದಾಗ ಬರುವ ಕಟ್ಟು! ತೊಗರಿಬೇಳೆಗೆ ಜಾಸ್ತಿ ನೀರು ಹಾಕಿ, ಚಿಟಿಕೆ ಅರಿಶಿನ, ಜೀರಿಗೆ, ಉಪ್ಪು ಹಾಕಿ ಬೇಯಿಸುತ್ತಿದ್ದರು. ಮೇಲಿನ ತಿಳಿಯನ್ನು ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದರು. ಖಾರ ಇಲ್ಲ, ಒಗ್ಗರಣೆ ಇಲ್ಲ. ಅದರ ಜೊತೆಗೆ ಎಳನೀರು, ಸೋಸಿದ ನೀರು ಮಜ್ಜಿಗೆ.

ಕುಡಿಯುವ ರೀತಿಯೇ ಮುಖ್ಯ. ಟಾನಿಕ್ ಬಾಟಲಿಯ ಜೊತೆ ಬರುತ್ತಲ್ಲ, 30 ಎಂಎಲ್ ಅಳತೆಯ ಪುಟ್ಟ ಕಪ್, ಅದರಲ್ಲಿ ಹಾಕಿಕೊಂಡು ಕೂರುತ್ತಿದ್ದೆ. ಒಂದು ಕಪ್ ಮುಗಿಸಲು ಕಾಲು ಗಂಟೆ. ಒಂದು ಗುಟುಕು, ಸ್ವಲ್ಪ ಬಿಡುವು, ಮತ್ತೆ ಒಂದು ಗುಟುಕು. ಹೀಗೆ ಒಂದು ಸಣ್ಣ ಲೋಟ ಕಟ್ಟಿಗೆ ಒಂದು ಗಂಟೆ ಬೇಕಾಗುತ್ತಿತ್ತು. ಗಟಗಟ ಕುಡಿದರೆ ಎದೆ ಹಿಡಿದುಕೊಳ್ಳುತ್ತದೆ. ಎರಡನೇ ದಿನವೇ ಗೊತ್ತಾಯಿತು. ಸ್ಟ್ರಾ ಬೇಡ, ಸೋಡಾ ಬೇಡ, ಸಕ್ಕರೆ ಬೇಡ. ಕಾಫಿಯನ್ನೂ ಒಂದು ತಿಂಗಳು ಬಿಟ್ಟೆ. ಹಾಸನದಲ್ಲಿದ್ದುಕೊಂಡು ಬೆಳಗ್ಗೆ ಫಿಲ್ಟರ್ ಕಾಫಿಯ ಘಮ ಮೂಗಿಗೆ ಬಂದರೂ ಸುಮ್ಮನಿರುವುದು ಸುಲಭವಲ್ಲ. ಆ ಹೊತ್ತಿಗೆ ಎದ್ದು ಟೆರೇಸ್ ಮೇಲೆ ನಡೆಯಲು ಹೋಗುತ್ತಿದ್ದೆ.

ಆಮೇಲೆ ಎರಡನೇ ವಾರ ಮುಗಿಯುವ ತನಕ ಹಾಲು, ಮಜ್ಜಿಗೆ, ಗಂಜಿ. ಇಲ್ಲಿ ಒಂದು ತಪ್ಪು ಮಾಡಿದೆ. ರಾಗಿ ಗಂಜಿ ಪುಷ್ಟಿ ಅಂತ ದಿನಕ್ಕೆ ಮೂರು ಸಲ ಕುಡಿಯುತ್ತಿದ್ದೆ. ನಾಲ್ಕೇ ದಿನಕ್ಕೆ ಕೈಕಾಲು ಸೋತುಹೋದವು. ಫೋನ್ ಮಾಡಿದಾಗ ಡಯಟೀಶಿಯನ್ ಕೇಳಿದ್ದು ಒಂದೇ ಮಾತು: "ಇವತ್ತು ಪ್ರೋಟೀನ್ ಎಷ್ಟು ಹೋಯ್ತು?" ನನಗೆ ಹೇಳಿದ್ದ ಲೆಕ್ಕ ದಿನಕ್ಕೆ 60 ಗ್ರಾಂ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ನಿಜ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಏಳು ಗ್ರಾಂ ಆಸುಪಾಸು. ಗಂಜಿಗೆ ಹಾಕುವುದು ಒಂದು ಚಮಚ ಹಿಟ್ಟು. ಕಟ್ಟಿನ ಕಥೆಯೂ ಅಷ್ಟೇ, ಬೇಳೆಯ ಸಾರವೆಲ್ಲ ಬಟ್ಟೆಯಲ್ಲೇ ಉಳಿದಿರುತ್ತದೆ. ಇರುವ ಚೂರು ಜಾಗವನ್ನು ಗಂಜಿಗೆ ಕೊಟ್ಟರೆ ಮುಖ್ಯವಾದದ್ದಕ್ಕೆ ಜಾಗ ಎಲ್ಲಿ?

ಆವತ್ತಿನಿಂದ ಕೆನೆ ತೆಗೆದ ಹಾಲಿಗೆ ಪ್ರೋಟೀನ್ ಪುಡಿ ಹಾಕಿ ಕುಡಿಯಲು ಶುರು ಮಾಡಿದೆ. ಕುದಿಯುವ ಹಾಲಿಗೆ ಹಾಕಿದರೆ ಗಂಟು ಗಂಟಾಗುತ್ತದೆ. ಮೊದಲು ಎರಡು ಚಮಚ ತಣ್ಣನೆ ಹಾಲಿನಲ್ಲಿ ಪುಡಿಯನ್ನು ಪೇಸ್ಟಿನ ಹಾಗೆ ಕಲಸಬೇಕು. ಆಮೇಲೆ ಉಗುರು ಬೆಚ್ಚಗಿನ ಹಾಲು ಸೇರಿಸಬೇಕು. ವಾಸನೆ ಹಿಡಿಸಲಿಲ್ಲ ಅಂದರೆ ಒಂದು ಏಲಕ್ಕಿ ಜಜ್ಜಿ ಹಾಕಿ.

ಮೂರನೇ ವಾರ ನುಣ್ಣಗೆ ಮಸೆದದ್ದು ತಿನ್ನಬಹುದು ಅಂದರು. ನಮ್ಮ ಮಸ್ಸೊಪ್ಪು ಈ ಹಂತಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೇಳೆ ಜಾಸ್ತಿ, ಸೊಪ್ಪು ಕಡಿಮೆ. ಸೊಪ್ಪಿನ ದಂಟು, ನಾರು ಎಲ್ಲ ತೆಗೆದು ಬೇಯಿಸಿ ಮಿಕ್ಸಿಗೆ ಹಾಕುವುದು. ಹುಣಸೆ, ಮೆಣಸಿನಕಾಯಿ ಇಲ್ಲ. ಮಗಳ ಹಾಲುಗಲ್ಲದ ವಯಸ್ಸಿನ ಸಣ್ಣ ಚಮಚ ಹುಡುಕಿ ಇಟ್ಟುಕೊಂಡಿದ್ದೆ. ನಾಲ್ಕೈದು ಚಮಚಕ್ಕೆ ಸಾಕು ಅನ್ನಿಸುತ್ತಿತ್ತು. ಆ 'ಸಾಕು' ಹೊಟ್ಟೆ ತುಂಬಿದ ಹಾಗೆ ಇರುವುದಿಲ್ಲ. ಎದೆಗೂಡಿನ ಕೆಳಗೆ ಒಂದು ಒತ್ತು, ಕೆಲವರಿಗೆ ಬಿಕ್ಕಳಿಕೆ, ನನಗೆ ಮೂಗು ಸೋರುತ್ತಿತ್ತು. ಅಲ್ಲಿಗೆ ಚಮಚ ಕೆಳಗಿಡಬೇಕು. ಇನ್ನೊಂದು ಚಮಚ ಹೋದರೆ ವಾಂತಿ. ನೀರು ಊಟದ ಜೊತೆ ಕುಡಿಯುತ್ತಿರಲಿಲ್ಲ. ಊಟವಾಗಿ ಅರ್ಧ ಗಂಟೆ ಬಿಟ್ಟು ಮತ್ತೆ ಗುಟುಕು ಶುರು. ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಲು ಬೆಳಗ್ಗೆಯಿಂದ ಬಾಟಲಿ ಪಕ್ಕದಲ್ಲೇ ಇರುತ್ತಿತ್ತು.

ಐದನೇ ವಾರದಿಂದ ಮೆತ್ತಗಿನದು. ಮೊಟ್ಟೆ, ಪನೀರ್ ಪುಡಿ ಮಾಡಿ ಬೇಳೆಗೆ ಹಾಕಿದ್ದು, ಗಟ್ಟಿ ಮೊಸರು. ಒಂದು ಮೊಟ್ಟೆಗೆ ಆರು ಗ್ರಾಂ ಪ್ರೋಟೀನ್. ಮೊದಲ ದಿನ ಅರ್ಧ ಮೊಟ್ಟೆ ತಿನ್ನಲು 20 ನಿಮಿಷ ಹಿಡಿಯಿತು.

ಅಷ್ಟು ಹೊತ್ತಿಗೆ ಮನೆಯಲ್ಲಿ ಅವರೆಕಾಯಿ ಕಾಲ. ಅವರೆ ವಾಯು ಅಂತ ನಾನು ಮುಟ್ಟುತ್ತಿರಲಿಲ್ಲ, ಆದರೆ ಎಲ್ಲರ ಜೊತೆ ಕೂತು ಬೇಳೆ ಹಿತುಕುತ್ತಿದ್ದೆ. ಒಂದು ಭಾನುವಾರ ನಾದಿನಿ ಮನೆಯವರೆಲ್ಲ ಬಂದಿದ್ದರು. ಹಿತಕಬೇಳೆ ಸಾರು, ಮುದ್ದೆ. "ಒಂದು ತುತ್ತು ತಿನ್ನವ್ವಾ, ಹಕ್ಕಿ ತಿಂದಂಗೆ ತಿಂತೀಯಲ್ಲ" ಅಂತ ಅತ್ತೆ ಪ್ರೀತಿಯಿಂದಲೇ ಅಂದರು. ನಾನು ನಿಂಬೆಗಾತ್ರ ಮುರಿದು ಅದ್ದಿ ನುಂಗಿಬಿಟ್ಟೆ. ಕೈ ತಾನೇ ತಾನಾಗಿ ಮಾಡಿತು. ತುತ್ತು ಎದೆಯ ನಡುವೆ ನಿಂತಿತು. ಬಾಯಲ್ಲಿ ನೊರೆ ನೊರೆ ಎಂಜಲು ತುಂಬಿಕೊಂಡಿತು. ಮುಕ್ಕಾಲು ಗಂಟೆ ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದೆ. ಕೊನೆಗೆ ಹೊರಗೆ ಬಂತು. ಅತ್ತೆ ಹೆದರಿ ಅಳುತ್ತಿದ್ದರು.

ಆ ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿದೆ. ಒಂದು ದಿನ ಮತ್ತೆ ನೀರಿನ ಪಥ್ಯ ಅಂದರು. ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ ಅಂತಲೂ ಹೇಳಿದರು. ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಖಾಲಿಯಾಗಿ ನರಕ್ಕೇ ಪೆಟ್ಟು ಬೀಳಬಹುದಂತೆ. ಜ್ವರ, ಜೋರು ಹೊಟ್ಟೆನೋವು, ಎದೆಬಡಿತ ಏರುವುದು, ಇವು ಕಂಡರಂತೂ ತಕ್ಷಣ ಆಸ್ಪತ್ರೆ. ಮಾತ್ರೆಗಳ ವಿಷಯದಲ್ಲಿ ಎರಡೇ ಮಾತು: ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರವಿರಲಿ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತರಬೇಡಿ, ಅಲ್ಸರ್ ಆಗಬಹುದು. ತೂಕ ಇಳಿಸಲು ಸ್ಲೀವ್ ಬದಲು ಜಠರದ ಬೈಪಾಸ್ ಮಾಡಿಸಿಕೊಂಡವರ ಪಥ್ಯ ಬೇರೆ ಇರಬಹುದು, ನಿಮ್ಮ ಚೀಟಿಯೇ ನಿಮಗೆ ಸರಿ.

ಆವತ್ತಿನಿಂದ ಅತ್ತೆ ನನ್ನ ಎದುರಿಗೇ ಊಟಕ್ಕೆ ಕೂರತೊಡಗಿದರು. ಪ್ರತಿ ತುತ್ತಿಗೂ ಬೆರಳು ಮಡಚಿ ಎಣಿಸುವುದು, ಇಪ್ಪತ್ತೈದು ಆಗದೆ ನುಂಗಲು ಬಿಡುತ್ತಿರಲಿಲ್ಲ. ಡಾಕ್ಟರು ಒಪ್ಪಿದ ಮೇಲೆ, ಹತ್ತನೇ ವಾರ, ಮೊದಲು ಬೇಳೆ ತಿಂದು ಆಮೇಲೆ ಕಡಲೆಕಾಳಿನಷ್ಟು ಮುದ್ದೆ ಬಾಯಿಗೆ ಹಾಕಿಕೊಂಡೆ. ಅಗಿದೆ. ಹಲ್ಲಿಗೆ ಅಂಟಿತು, ಆದರೆ ಅಗಿದಾಗ ರಾಗಿ ಸಿಹಿಯಾಗಿರುತ್ತದೆ ಅಂತ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. "ಹೋಯ್ತಾ?" ಅಂತ ಅತ್ತೆ ಕೇಳಿದರು. ಹೋಗಿತ್ತು.